ಲೈವ್ ಮಾಡಿ, ಆದರೆ ಲೈವ್ ಒಂದನ್ನೇ ನಂಬಬೇಡಿ: ವೇದಿಕೆ ಕಾರ್ಯಕ್ರಮವನ್ನು ಆನ್‌ಲೈನ್‌ನಲ್ಲಿ ತೋರಿಸುವ ಬಗೆ

ನಾಟಕ ಸಿದ್ಧವಾಗಿದೆ. ಅಥವಾ ಸಂಗೀತ, ನೃತ್ಯ, ಉಪನ್ಯಾಸ, ಏನಾದರೂ ಆಗಲಿ. ಸಭಾಂಗಣಕ್ಕೆ ಬರಲಾಗದವರಿಗೂ ತೋರಿಸಬೇಕು ಅನ್ನುವ ಮಾತು ಬರುತ್ತದೆ. ತಂಡದಲ್ಲಿ ಒಬ್ಬರು ಇದ್ದೇ ಇರುತ್ತಾರೆ: "ಫೋನ್ ಇದೆಯಲ್ಲ, ಲೈವ್ ಹಾಕಿಬಿಡೋಣ." ಫೋನಿನಿಂದಲೂ ಆಗುತ್ತದೆ, ಸುಳ್ಳಲ್ಲ. ಆದರೆ ನೋಡುವವರು ಕೊನೆವರೆಗೆ ಕೂರಬೇಕು, ಮಾತು ಸರಿಯಾಗಿ ಕೇಳಬೇಕು, ನಡುವೆ ಕಡಿದು ಹೋಗಬಾರದು ಅಂದರೆ ತಯಾರಿ ಬೇಕು.

ನನ್ನ ಪಟ್ಟು ಒಂದೇ: ಮೊದಲು ಒಳ್ಳೆಯ ರೆಕಾರ್ಡಿಂಗ್, ಆಮೇಲೆ ಲೈವ್. ಕೈಯಲ್ಲಿ ಪೂರ್ತಿ ರೆಕಾರ್ಡಿಂಗ್ ಇದ್ದರೆ ಲೈವ್ ಕೆಟ್ಟರೂ ಕಾರ್ಯಕ್ರಮ ಉಳಿಯುತ್ತದೆ. ಬರೀ ಲೈವ್ ನಂಬಿದರೆ, ಇಂಟರ್ನೆಟ್ ಹೋದ ಆ ಎರಡು ನಿಮಿಷ ಮತ್ತೆ ಸಿಗುವುದಿಲ್ಲ.

1. ನಿಜಕ್ಕೂ ಲೈವ್ ಬೇಕೇ?

ಇಲ್ಲಿ ಮೂರು ದಾರಿಗಳಿವೆ. ನಡೆಯುತ್ತಿರುವಾಗಲೇ ತೋರಿಸುವುದು ಒಂದು. ರೆಕಾರ್ಡ್ ಮಾಡಿ, ತಿದ್ದಿ, ಯಾವಾಗ ಬೇಕಾದರೂ ನೋಡುವಂತೆ ಹಾಕುವುದು ಇನ್ನೊಂದು. ಇವೆರಡರ ನಡುವಿನದು ಪ್ರೀಮಿಯರ್: ವಿಡಿಯೋ ಮೊದಲೇ ಸಿದ್ಧವಿರುತ್ತದೆ, ಆದರೆ ಹೇಳಿದ ಹೊತ್ತಿಗೆ ಎಲ್ಲರಿಗೂ ಒಟ್ಟಿಗೆ ಶುರುವಾಗುತ್ತದೆ, ಪಕ್ಕದಲ್ಲಿ ಚಾಟ್ ಓಡುತ್ತಿರುತ್ತದೆ.

ಪ್ರಶ್ನೋತ್ತರ, ಸ್ಪರ್ಧೆ, ಫಲಿತಾಂಶ ಘೋಷಣೆ ಇಂಥವುಗಳಿಗೆ ಲೈವ್ ಬೇಕೇ ಬೇಕು. ನಾಟಕಕ್ಕೆ? ನನ್ನನ್ನು ಕೇಳಿದರೆ, ಮೊದಲ ಸಲ ಮಾಡುವ ತಂಡಕ್ಕೆ ಪ್ರೀಮಿಯರ್ ವಾಸಿ. ಎರಡು ಪ್ರದರ್ಶನ ರೆಕಾರ್ಡ್ ಮಾಡಿ, ಒಂದರಲ್ಲಿ ತಪ್ಪಿದ ದೃಶ್ಯವನ್ನು ಇನ್ನೊಂದರಿಂದ ತುಂಬಿಸಬಹುದು. ನೋಡುವವರಿಗೆ ಒಟ್ಟಿಗೆ ಕೂತು ನೋಡಿದ ಖುಷಿಯೂ ಸಿಗುತ್ತದೆ. ಬೆವರು ಸುರಿಸುವ ಕೆಲಸ ಅರ್ಧಕ್ಕರ್ಧ ಕಡಿಮೆ.

2. ಹಕ್ಕುಗಳನ್ನು ಬರಹದಲ್ಲಿ ಪಡೆಯಿರಿ

ನಾಟಕವನ್ನು ವೇದಿಕೆ ಮೇಲೆ ಆಡಲು ಅನುಮತಿ ಇದೆ ಅಂದರೆ ಅದನ್ನು ಆನ್‌ಲೈನ್‌ನಲ್ಲಿ ತೋರಿಸಲು ಅನುಮತಿ ಇದೆ ಎಂದಲ್ಲ. ಎರಡೂ ಬೇರೆ ಬೇರೆ. ಲೈವ್‌ಗೆ ಒಪ್ಪಿದವರು ಆಮೇಲೆ ಇಟ್ಟುಕೊಳ್ಳಲು ಒಪ್ಪದೇ ಇರಬಹುದು. ಎಷ್ಟು ದಿನ, ಯಾವ ದೇಶಗಳಲ್ಲಿ, ಹಣಕ್ಕೋ ಉಚಿತವಾಗಿಯೋ ಎನ್ನುವುದನ್ನೆಲ್ಲ ಕೇಳಿ ಬರೆಸಿಕೊಳ್ಳಿ. ಹಾಡಿನ ವಿಷಯದಲ್ಲಿ ರಚನೆಯ ಹಕ್ಕು ಒಬ್ಬರದು, ಆ ಧ್ವನಿಮುದ್ರಣದ ಹಕ್ಕು ಇನ್ನೊಬ್ಬರದು ಆಗಿರುತ್ತದೆ. ಕಲಾವಿದರ ಒಪ್ಪಿಗೆ, ಮಕ್ಕಳಿದ್ದರೆ ಪೋಷಕರ ಒಪ್ಪಿಗೆ ಬೇಕು. ಪ್ರೇಕ್ಷಕರ ಮುಖ ಕಾಣುವುದಾದರೆ ಬಾಗಿಲಲ್ಲೇ ಒಂದು ಸೂಚನೆ ಅಂಟಿಸಿ.

ಇಲ್ಲಿ ತುಂಬಾ ಜನ ಸಿಕ್ಕಿಹಾಕಿಕೊಳ್ಳುವುದು ನಾಟಕದಲ್ಲಲ್ಲ, ವಿರಾಮದಲ್ಲಿ! ಜನ ಬಂದು ಕೂರುವಾಗ ಸಭಾಂಗಣದವರು ಯಾವುದೋ ಸಿನಿಮಾ ಹಾಡು ಹಾಕುತ್ತಾರೆ. ಅದು ನಿಮ್ಮ ಮೈಕಿಗೂ ಬರುತ್ತದೆ. ಯೂಟ್ಯೂಬ್ ಲೈವ್ ವಿಡಿಯೋಗಳನ್ನೂ ಪರೀಕ್ಷಿಸುತ್ತದೆ. ಬೇರೆಯವರ ಹಾಡು ಸಿಕ್ಕರೆ ನಿಮ್ಮ ವಿಡಿಯೋ ಜಾಗದಲ್ಲಿ ಒಂದು ನಿಂತ ಚಿತ್ರ ತೋರಿಸಬಹುದು, ಲೈವ್ ನಿಲ್ಲಿಸಲೂಬಹುದು. ವಿರಾಮದ ಹೊತ್ತಿಗೆ ಮೈಕ್ ಮ್ಯೂಟ್ ಮಾಡಿಬಿಡಿ.

3. ಎಲ್ಲಿ ತೋರಿಸುತ್ತೀರಿ?

ಉಚಿತವಾಗಿ, ಎಲ್ಲರಿಗೂ ಅಂದರೆ ಯೂಟ್ಯೂಬ್ ಅಥವಾ ಫೇಸ್‌ಬುಕ್ ಸಾಕು. ಯೂಟ್ಯೂಬ್‌ನಲ್ಲಿ ಮೊದಲ ಸಲ ಲೈವ್ ಸೌಲಭ್ಯ ತೆರೆಯಲು 24 ಗಂಟೆವರೆಗೆ ಹಿಡಿಯಬಹುದು. ಫೋನ್ ಆ್ಯಪ್‌ನಿಂದಲೇ ನೇರವಾಗಿ ಮಾಡುವುದಾದರೆ ಚಾನೆಲ್‌ಗೆ ಕನಿಷ್ಠ 50 ಚಂದಾದಾರರು ಇರಬೇಕು. ಕಂಪ್ಯೂಟರ್‌ನಿಂದ ಕಳಿಸಲು ಈ ಷರತ್ತಿಲ್ಲ. ಹಾಗಾಗಿ ಖಾತೆಯ ಕೆಲಸವನ್ನು ಆ ದಿನ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ.

ಟಿಕೆಟ್ ಇಟ್ಟಿದ್ದರೆ ವಿಷಯ ಬೇರೆ. 'ಅನ್‌ಲಿಸ್ಟೆಡ್' ಲಿಂಕ್ ಅಂದರೆ ಬೀಗ ಅಲ್ಲ, ಹುಡುಕಿದರೆ ಕಾಣಿಸುವುದಿಲ್ಲ ಅಷ್ಟೇ. ಲಿಂಕ್ ಸಿಕ್ಕಿದವರೆಲ್ಲ ನೋಡಬಹುದು, ಹತ್ತು ಗುಂಪಿಗೆ ಕಳಿಸಲೂಬಹುದು. ಹಣ ಕೊಟ್ಟವರಿಗೆ ಮಾತ್ರ ಅನ್ನುವುದಾದರೆ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡುವ ಸೇವೆ ಆರಿಸಿ.

4. ಇಂಟರ್ನೆಟ್: ಅಪ್‌ಲೋಡ್ ನೋಡಿ, ಡೌನ್‌ಲೋಡ್ ಅಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಸಾವಿರ ಜನ ನೋಡಿದರೂ ನಿಮ್ಮ ಕಡೆಯಿಂದ ಹೋಗುವುದು ಒಂದೇ ಪ್ರತಿ. ಅದನ್ನು ಸಾವಿರ ಮಾಡಿ ಹಂಚುವುದು ಯೂಟ್ಯೂಬ್‌ನಂಥ ಸೇವೆಯ ಕೆಲಸ. ಹಾಗಾಗಿ ಜನ ಜಾಸ್ತಿ ಆದರೆ ಲೈನ್ ತಾಳುತ್ತದಾ ಅನ್ನುವ ಚಿಂತೆ ಬೇಡ. ಆ ಒಂದು ಪ್ರತಿ ಎಡವದೆ ಹೋಗಬೇಕು, ಅಷ್ಟೇ.

ಕಾರ್ಯಕ್ರಮ ನಡೆಯುವ ಜಾಗಕ್ಕೇ ಹೋಗಿ, ಅದೇ ಹೊತ್ತಿನಲ್ಲಿ, ಕೇಬಲ್ ಹಾಕಿ ಅಪ್‌ಲೋಡ್ ವೇಗ ಅಳೆಯಿರಿ. ಹಲವು ಸಲ ಅಳೆದು ಬಂದ ಅತಿ ಕಡಿಮೆ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಿರಿ. ಅದರಲ್ಲಿ ಅರ್ಧವನ್ನು ಮಾತ್ರ ವಿಡಿಯೋಗೆ ಬಳಸಿ. ಅಪ್‌ಲೋಡ್ 12 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಬಂದರೆ 1080ಪಿ (ಪೂರ್ಣ ಎಚ್‌ಡಿ) ವಿಡಿಯೋವನ್ನು 6 ಎಂಬಿಪಿಎಸ್‌ನಲ್ಲಿ ಕಳಿಸಬಹುದು. 6 ಬಂದರೆ ಅದಕ್ಕಿಂತ ಚಿಕ್ಕ ಗಾತ್ರದ 720ಪಿಗೆ ಇಳಿದು 3ರಲ್ಲಿ ಕಳಿಸಿ. ಇಳಿಯಲು ನಾಚಿಕೆ ಬೇಡ. ನಿಲ್ಲದೆ ಓಡುವ 720ಪಿ ಮುಂದೆ, ನಿಂತು ನಿಂತು ಬರುವ 1080ಪಿ ಏನೂ ಅಲ್ಲ.

ಖಾಲಿ ಸಭಾಂಗಣದಲ್ಲಿ ಮಾಡಿದ ಪರೀಕ್ಷೆ ಮೋಸ ಮಾಡುತ್ತದೆ. ಜನ ತುಂಬಿದ ಮೇಲೆ ಅವರ ಫೋನ್‌ಗಳೆಲ್ಲ ಅದೇ ಮೊಬೈಲ್ ಟವರ್‌ಗೆ, ಅದೇ ವೈಫೈಗೆ ಮುಗಿಬೀಳುತ್ತವೆ. ಮಧ್ಯಾಹ್ನ ಚೆನ್ನಾಗಿದ್ದ ಲೈನ್ ಸಂಜೆ ಉಸಿರು ಕಟ್ಟುತ್ತದೆ. ಅದಕ್ಕೇ ಸಾರ್ವಜನಿಕ ವೈಫೈ ಬೇಡ. ನಿಮಗೊಂದು ಪ್ರತ್ಯೇಕ ಕೇಬಲ್ ಲೈನ್ ಕೇಳಿ. ಪಕ್ಕದಲ್ಲಿ ಬೇರೆ ಕಂಪನಿಯ ಸಿಮ್ ಇರುವ ಹಾಟ್‌ಸ್ಪಾಟ್ ಆನ್ ಮಾಡಿ ಇಟ್ಟುಕೊಳ್ಳಿ. ಡೇಟಾ ಲೆಕ್ಕವನ್ನೂ ಮೊದಲೇ ಹಾಕಿ: 6 ಎಂಬಿಪಿಎಸ್‌ನಲ್ಲಿ ಗಂಟೆಗೆ 2.7 ಜಿಬಿ ಹೋಗುತ್ತದೆ. ಎರಡೂವರೆ ಗಂಟೆಯ ನಾಟಕಕ್ಕೆ ಹೆಚ್ಚುಕಡಿಮೆ 7 ಜಿಬಿ.

5. ಧ್ವನಿ: ಅರ್ಧ ಸಮಯ ಇದಕ್ಕೇ ಕೊಡಿ

ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಹೀಗಿದ್ದೂ ಹೆಚ್ಚಿನ ತಂಡಗಳು ಹಣವನ್ನೆಲ್ಲ ಕ್ಯಾಮೆರಾಗೆ ಸುರಿದು ಧ್ವನಿಯನ್ನು ಕೊನೆಗೆ ಬಿಡುತ್ತವೆ. ಹಿಂದಿನ ಸಾಲಿನಲ್ಲಿ ನಿಂತ ಕ್ಯಾಮೆರಾದ ಮೈಕಿಗೆ ಮೊದಲು ಕೇಳುವುದು ಪಕ್ಕದವರ ಕೆಮ್ಮು, ಆಮೇಲೆ ಫ್ಯಾನು, ಕೊನೆಗೆ ನಟರು.

ಧ್ವನಿಯನ್ನು ಸಭಾಂಗಣದ ಮಿಕ್ಸರ್‌ನಿಂದ (ಎಲ್ಲ ಮೈಕ್‌ಗಳ ಧ್ವನಿ ಬೆರೆಸುವ ಯಂತ್ರ) ತೆಗೆದುಕೊಳ್ಳಿ. ಆದರೆ ಅಲ್ಲೂ ಒಂದು ಮರ್ಮ ಇದೆ. ಮಿಕ್ಸರ್‌ನವರು ಹೊಂದಿಸುವುದು ಆ ಕೋಣೆಗೆ. ಡ್ರಮ್‌ನಂಥ ಜೋರಿನ ವಾದ್ಯ ಕೋಣೆಯಲ್ಲಿ ತಾನಾಗಿಯೇ ಕೇಳುತ್ತದೆ, ಹಾಗಾಗಿ ಅದನ್ನು ಮಿಕ್ಸರ್‌ನಲ್ಲಿ ಕಡಿಮೆ ಇಟ್ಟಿರುತ್ತಾರೆ. ಆ ಮಿಶ್ರಣವನ್ನೇ ನೀವು ಕಳಿಸಿದರೆ ಮನೆಯಲ್ಲಿ ಕೂತವರಿಗೆ ಹಾಡು ಮಾತ್ರ ಕೇಳುತ್ತದೆ, ತಾಳ ಕಾಣೆ. ಚಪ್ಪಾಳೆ, ನಗು ಯಾವುದೂ ಇರುವುದಿಲ್ಲ. ಆದ್ದರಿಂದ "ಮುಖ್ಯ ಔಟ್‌ಪುಟ್ ಬೇಡ, ಒಂದು ಆಕ್ಸ್ ಔಟ್ ಕೊಡಿ, ನಮಗೇ ಬೇರೆ ಮಿಕ್ಸ್ ಮಾಡಿ" ಎಂದು ಕೇಳಿ. ಆಕ್ಸ್ ಔಟ್ ಅಂದರೆ ಮಿಕ್ಸರ್‌ನಿಂದ ಬೇರೆಯದೇ ಮಿಶ್ರಣ ಹೊರಗೆ ಕಳಿಸುವ ದಾರಿ. ಜೊತೆಗೆ ಪ್ರೇಕ್ಷಕರ ಕಡೆಗೆ ಒಂದೋ ಎರಡೋ ಮೈಕ್ ಇಟ್ಟು ಅದನ್ನು ಸಣ್ಣದಾಗಿ ಬೆರೆಸಿ. ನಗು ಕೇಳದ ಹಾಸ್ಯ ನಾಟಕ ಎಷ್ಟು ಸಪ್ಪೆ ಅಂತ ಒಮ್ಮೆ ಕೇಳಿದರೆ ಗೊತ್ತಾಗುತ್ತದೆ.

ಮಿಕ್ಸರ್‌ನಿಂದ ಬರುವುದು ಲೈನ್ ಮಟ್ಟದ ಸಿಗ್ನಲ್, ಅಂದರೆ ಮೈಕಿನದಕ್ಕಿಂತ ತುಂಬಾ ಜೋರಿನದು. ಕ್ಯಾಮೆರಾದ ಮೈಕ್ ತೂತಿಗೆ ಅದನ್ನು ಹಾಗೇ ಚುಚ್ಚಿದರೆ ಧ್ವನಿ ಒಡೆದು ಕರಕರ ಅನ್ನುತ್ತದೆ. ಕ್ಯಾಮೆರಾದಲ್ಲಿ 'ಲೈನ್' ಆಯ್ಕೆ ಇದ್ದರೆ ಅದನ್ನು ಒತ್ತಿ, ಇಲ್ಲದಿದ್ದರೆ ನಡುವೆ ಆಡಿಯೋ ಇಂಟರ್‌ಫೇಸ್ (ಧ್ವನಿಯನ್ನು ಕಂಪ್ಯೂಟರ್‌ಗೆ ತಲುಪಿಸುವ ಪೆಟ್ಟಿಗೆ) ಬಳಸಿ. ಹಮ್ ಎನ್ನುವ ಗುಂಯ್‌ಗುಡುವಿಕೆ ಬಂದರೆ ಅದು ಬಹುಪಾಲು ಎರಡು ಕಡೆಯ ಅರ್ಥಿಂಗ್ ಜಗಳ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ನಡುವೆ ಹಾಕಿ, ಅದು ಎರಡು ಕಡೆಯ ನೇರ ವಿದ್ಯುತ್ ಸಂಪರ್ಕ ತಪ್ಪಿಸಿ ಧ್ವನಿಯನ್ನು ಮಾತ್ರ ದಾಟಿಸುತ್ತದೆ. ಯಾವ ಕಾರಣಕ್ಕೂ ಪ್ಲಗ್‌ನ ಅರ್ಥ್ ಪಿನ್ ಕೀಳಬೇಡಿ, ಅದು ಜೀವದ ಪ್ರಶ್ನೆ.

ಮಟ್ಟ ಹೊಂದಿಸುವಾಗ ಅತಿ ಜೋರಿನ ಮಾತು ಮೈನಸ್ 12 ಮತ್ತು ಮೈನಸ್ 6 ಡೆಸಿಬೆಲ್ ನಡುವೆ ಬರಲಿ. ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ, ಡಿಜಿಟಲ್‌ನಲ್ಲಿ ಕ್ಷಮೆ ಇಲ್ಲ. ಆಟೋ ಗೇನ್ ಆಫ್ ಮಾಡಿ. ಇಲ್ಲವಾದರೆ ನಟರು ಸುಮ್ಮನಾದಾಗಲೆಲ್ಲ ಯಂತ್ರ ತಾನೇ ಧ್ವನಿ ಏರಿಸಿ ಸುಯ್ ಎನ್ನುವ ಗದ್ದಲ ತುಂಬುತ್ತದೆ.

ಇನ್ನು ತುಟಿ ಮತ್ತು ಮಾತಿನ ಹೊಂದಾಣಿಕೆ. ಚಿತ್ರ ಕ್ಯಾಮೆರಾ, ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರ್‌ಗೆ ತರುವ ಸಾಧನ) ದಾಟಿ ಬರುವಷ್ಟರಲ್ಲಿ ತಡವಾಗುತ್ತದೆ. ಮಿಕ್ಸರ್‌ನ ಧ್ವನಿ ಅದಕ್ಕಿಂತ ಮುಂಚೆ ಬಂದು ನಿಂತಿರುತ್ತದೆ. ಅದಕ್ಕಾಗಿ ಧ್ವನಿಯನ್ನು ತಡೆದು ಬಿಡಬೇಕು. ವೇದಿಕೆ ಮೇಲೆ ಒಬ್ಬರು ಮೈಕಿನ ಮುಂದೆ ಒಂದು ಚಪ್ಪಾಳೆ ಹೊಡೆಯಲಿ. ರೆಕಾರ್ಡ್ ಮಾಡಿ, ಫ್ರೇಮ್ ಫ್ರೇಮ್ ಆಗಿ ನೋಡಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಫ್ರೇಮ್ ಅಂದರೆ ಸುಮಾರು 33 ಮಿಲಿಸೆಕೆಂಡ್. ಧ್ವನಿ ಮೂರು ಫ್ರೇಮ್ ಮುಂಚೆ ಬಂದರೆ ಸುಮಾರು 100 ಮಿಲಿಸೆಕೆಂಡ್ ತಡಮಾಡಿ. ಪ್ರೇಕ್ಷಕರ ಕಡೆಯ ಮೈಕ್ ದೂರದಲ್ಲಿದ್ದರೆ ಅದಕ್ಕೆ ಬೇರೆ ಲೆಕ್ಕ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಹಾಗಾಗಿ 17 ಮೀಟರ್ ದೂರದ ಮೈಕಿಗೆ ವೇದಿಕೆಯ ಮಾತು ಸುಮಾರು 50 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡನ್ನೂ ಸುಮ್ನೆ ಬೆರೆಸಿದರೆ ಮಾತು ಎರಡೆರಡು ಸಲ ಕೇಳಿದಂತಾಗುತ್ತದೆ, ಹಾಗಾಗಿ ಆ ಮೈಕಿನ ಧ್ವನಿಯನ್ನು ಮಿಕ್ಸರ್‌ನದಕ್ಕಿಂತ ಅಷ್ಟು ಕಡಿಮೆ ತಡಮಾಡಿ.

ಕೊನೆಗೆ ಎಲ್ಲವನ್ನೂ ಒಂದು ಅಗ್ಗದ ಫೋನ್ ಸ್ಪೀಕರ್‌ನಲ್ಲಿ ಕೇಳಿ ನೋಡಿ. ನಿಮ್ಮ ಪ್ರೇಕ್ಷಕರಲ್ಲಿ ಎಷ್ಟೋ ಜನ ಕೇಳುವುದು ಅದರಲ್ಲೇ ಅಲ್ವಾ?

6. ಕ್ಯಾಮೆರಾ ಮತ್ತು ಬೆಳಕು

ಎಲ್ಲ ಆಟೋಗಳನ್ನೂ ಆಫ್ ಮಾಡಿ. ಹಿನ್ನೆಲೆ ಕಪ್ಪು, ನಟನ ಮೇಲೆ ಒಂದೇ ದೀಪ. ಇಂಥ ಕಡೆ ಆಟೋ ಎಕ್ಸ್‌ಪೋಷರ್ "ಅಯ್ಯೋ, ಕತ್ತಲು" ಅಂದುಕೊಂಡು ಬೆಳಕು ಏರಿಸುತ್ತದೆ, ಮುಖ ಬಿಳಿ ಹಾಳೆಯಾಗುತ್ತದೆ. ಅತಿ ಪ್ರಕಾಶದ ದೃಶ್ಯದಲ್ಲಿ ಮುಖ ಸರಿ ಕಾಣುವಂತೆ ಹೊಂದಿಸಿ ಅಲ್ಲಿಗೇ ಬಿಡಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ), ಫೋಕಸ್ ಕೂಡ ಹಾಗೇ. ಎಲ್‌ಇಡಿ ದೀಪಗಳು ಮಿನುಗುವುದು ಅಥವಾ ಪಟ್ಟೆ ಬರುವುದು ಕಂಡರೆ ಷಟರ್ ವೇಗ (ಒಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) ಬದಲಿಸಿ: 50 ಹರ್ಟ್ಸ್ ವಿದ್ಯುತ್ ಇರುವ ದೇಶದಲ್ಲಿ 1/50 ಸೆಕೆಂಡ್, 60 ಹರ್ಟ್ಸ್ ಇದ್ದಲ್ಲಿ 1/60ರಿಂದ ಶುರುಮಾಡಿ. ಸಾಧ್ಯವಾದರೆ ಬೆಳಕಿನವರ ಜೊತೆ ಕೂತು ಮಾತಾಡಿ. ಕಣ್ಣಿಗೆ ಚೆಂದ ಕಾಣುವ ಕಡುನೀಲಿ ಬೆಳಕು ಕ್ಯಾಮೆರಾದಲ್ಲಿ ಮುಖವನ್ನೇ ನುಂಗಿಬಿಡುತ್ತದೆ.

ಕ್ಯಾಮೆರಾ ಎಷ್ಟು? ಎರಡು ಸಾಕು. ಒಂದು ಇಡೀ ವೇದಿಕೆ ಹಿಡಿದು ಅಲ್ಲಾಡದೆ ನಿಲ್ಲಲಿ. ಇನ್ನೊಂದು ಹತ್ತಿರದ ದೃಶ್ಯಕ್ಕೆ. ಎರಡನೆಯದು ಹುಡುಕಾಡುತ್ತಿರುವಾಗ ಮೊದಲನೆಯದಕ್ಕೆ ಬದಲಿಸಿದರಾಯಿತು. ಎದ್ದು ಹೋಗುವವರ ತಲೆ ಅಡ್ಡ ಬಾರದಷ್ಟು ಎತ್ತರದಲ್ಲಿಡಿ. ನೃತ್ಯದಲ್ಲಿ ಕಾಲು ಕಾಣಲೇಬೇಕು, ಕ್ಲೋಸಪ್ ಮೋಹ ಅಲ್ಲಿ ಬೇಡ.

ಕ್ಯಾಮೆರಾ ಕೊಳ್ಳುವ ಅಥವಾ ಬಾಡಿಗೆಗೆ ತರುವ ಮುನ್ನ ಕೇಳಬೇಕಾದ್ದು: ಎಚ್‌ಡಿಎಂಐ ಔಟ್‌ನಲ್ಲಿ (ಚಿತ್ರವನ್ನು ಹೊರಗೆ ಕಳಿಸುವ ತೂತು) ಬ್ಯಾಟರಿ ಗುರುತು, ಚೌಕಟ್ಟು ಇಲ್ಲದ ಶುದ್ಧ ಚಿತ್ರ ಬರುತ್ತದಾ? ವಿದ್ಯುತ್‌ಗೆ ನೇರ ಜೋಡಿಸಬಹುದಾ? ಬಿಸಿಯಾಗಿ ನಿಲ್ಲುತ್ತದಾ? ಹಳೆಯ ಹಲವು ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತವೆ. ಸಾಮಾನ್ಯ ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟಿದರೆ ನೆಚ್ಚಿಕೊಳ್ಳಲಾಗದು. ದೂರ ಜಾಸ್ತಿ ಇದ್ದರೆ ಎಸ್‌ಡಿಐ ಎಂಬ ವೃತ್ತಿಪರ ವಿಡಿಯೋ ಕೇಬಲ್ ಬಳಸಿ.

ಫೋನೇ ಕ್ಯಾಮೆರಾ ಆದರೆ ಅಡ್ಡ ಹಿಡಿಯಿರಿ, ಸ್ಟ್ಯಾಂಡ್ ಮೇಲಿಡಿ, ಚಾರ್ಜರ್ ಹಾಕಿ. ಕರೆ ಬಂದರೆ ಎಲ್ಲ ಕೆಡುತ್ತದೆ, ಆದ್ದರಿಂದ ಏರ್‌ಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿ.

7. ಕಂಪ್ಯೂಟರ್ ಮತ್ತು ಒಬಿಎಸ್

ಕ್ಯಾಮೆರಾಗಳನ್ನು ಕೂಡಿಸಿ, ಬದಲಿಸಿ, ಕಳಿಸುವ ಕೆಲಸಕ್ಕೆ ಒಬಿಎಸ್ ಸ್ಟುಡಿಯೋ ಸಾಕು. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಐದು ದೃಶ್ಯ ಮಾಡಿಟ್ಟುಕೊಳ್ಳಿ: ಶುರುವಾಗಲಿದೆ, ದೂರದ ನೋಟ, ಹತ್ತಿರದ ನೋಟ, ವಿರಾಮ, ತಾಂತ್ರಿಕ ತೊಂದರೆ. ಕೊನೆಯದು ಬೇಕಾಗದಿರಲಿ, ಆದರೆ ಇರಲಿ.

ಸೆಟ್ಟಿಂಗ್ ಹೀಗಿರಲಿ:

- ಕೊಡೆಕ್ (ವಿಡಿಯೋ ಕುಗ್ಗಿಸುವ ವಿಧಾನ) ಎಚ್.264, ಆ ಕೆಲಸ ಮಾಡುವ ಎನ್‌ಕೋಡರ್ ಗ್ರಾಫಿಕ್ಸ್ ಚಿಪ್‌ನಲ್ಲೇ ಇದ್ದರೆ ಅದೇ
- ಬಿಟ್‌ರೇಟ್ (ಸೆಕೆಂಡಿಗೆ ಹೋಗುವ ಡೇಟಾ) ಸಿಬಿಆರ್, ಅಂದರೆ ಏರಿಳಿತವಿಲ್ಲದ್ದು
- ಕೀಫ್ರೇಮ್ (ಪೂರ್ತಿ ಚಿತ್ರ ಹೊತ್ತ ಫ್ರೇಮ್) 2 ಸೆಕೆಂಡಿಗೊಮ್ಮೆ
- ಆಡಿಯೋ ಕೊಡೆಕ್ ಎಎಸಿ, 128 ಅಥವಾ 160 ಕೆಬಿಪಿಎಸ್, ಸ್ಯಾಂಪಲ್ ರೇಟ್ ಎಲ್ಲ ಯಂತ್ರಗಳಲ್ಲೂ 48 ಕಿಲೋಹರ್ಟ್ಸ್
- ಫ್ರೇಮ್ ವೇಗ 25 ಅಥವಾ 30, ಕ್ಯಾಮೆರಾದಲ್ಲಿರುವುದೇ ಇಲ್ಲೂ

ರೆಕಾರ್ಡಿಂಗ್ ಬಟನ್ ಒತ್ತುವುದು ಲೈವ್ ಬಟನ್‌ಗಿಂತ ಮೊದಲು. ಎಂಕೆವಿ ಮಾದರಿಯಲ್ಲಿ ಉಳಿಸಿ. ಸಾಮಾನ್ಯ ಎಂಪಿ4 ಫೈಲ್ ಬರೆಯುತ್ತಿರುವಾಗ ಕಂಪ್ಯೂಟರ್ ಕೈಕೊಟ್ಟರೆ ಪೂರ್ತಿ ಫೈಲ್ ತೆರೆಯದೇ ಹೋಗಬಹುದು. ಎಂಕೆವಿಯಲ್ಲಿ ಅಲ್ಲಿವರೆಗಿನದು ಉಳಿಯುತ್ತದೆ. ಆಮೇಲೆ ಒಬಿಎಸ್‌ನಲ್ಲೇ ಎಂಪಿ4ಗೆ ಬದಲಿಸಿಕೊಳ್ಳಬಹುದು. ರೆಕಾರ್ಡಿಂಗ್‌ಗೆ ಲೈವ್‌ಗಿಂತ ಹೆಚ್ಚಿನ ಗುಣಮಟ್ಟ ಇಡಿ. ಕ್ಯಾಮೆರಾಗಳ ಕಾರ್ಡ್‌ನಲ್ಲೂ ರೆಕಾರ್ಡ್ ಆಗುತ್ತಿರಲಿ.

ಚಿತ್ರ ಜಿಗಿದರೆ ಒಬಿಎಸ್‌ನ ಸ್ಟ್ಯಾಟ್ಸ್ ಕಿಟಕಿ ನೋಡಿ. ನೆಟ್‌ವರ್ಕ್ ಸಾಲಿನಲ್ಲಿ ಫ್ರೇಮ್ ಬಿದ್ದಿದ್ದರೆ ಲೈನ್ ಸಾಲುತ್ತಿಲ್ಲ, ಬಿಟ್‌ರೇಟ್ ಇಳಿಸಿ. ಎನ್‌ಕೋಡಿಂಗ್ ಸಾಲಿನಲ್ಲಿ ಬಿದ್ದಿದ್ದರೆ ಕಂಪ್ಯೂಟರ್‌ಗೆ ಭಾರ, ರೆಸಲ್ಯೂಷನ್ ಇಳಿಸಿ, ಬೇರೆ ಪ್ರೋಗ್ರಾಂ ಮುಚ್ಚಿ. ರೋಗ ಬೇರೆ, ಮದ್ದೂ ಬೇರೆ. ಎಷ್ಟೋ ಜನ ಕಂಪ್ಯೂಟರ್ ಸುಸ್ತಾದಾಗ ಇಂಟರ್ನೆಟ್‌ನವರಿಗೆ ಫೋನ್ ಮಾಡುತ್ತಿರುತ್ತಾರೆ.

ಸಾಮಾನ್ಯವಾಗಿ ಒಬಿಎಸ್‌ನಿಂದ ವಿಡಿಯೋ ಹೊರಡುವುದು ಆರ್‌ಟಿಎಂಪಿ ಎಂಬ ದಾರಿಯಲ್ಲಿ. ಇದು ಫ್ಲ್ಯಾಶ್ (ಬ್ರೌಸರ್‌ನಲ್ಲಿ ವಿಡಿಯೋ ಓಡಿಸುತ್ತಿದ್ದ ಹಳೆಯ ತಂತ್ರಾಂಶ) ಕಾಲದ್ದು. 2020ರ ಕೊನೆಗೆ ಫ್ಲ್ಯಾಶ್ ಮುಚ್ಚಿತು, ಆರ್‌ಟಿಎಂಪಿ ಮಾತ್ರ ಇನ್ನೂ ದುಡಿಯುತ್ತಿದೆ. ನೀವು ಕಳಿಸುವ ಸೇವೆ ಎಸ್‌ಆರ್‌ಟಿ ಎಂಬ ಇನ್ನೊಂದು ದಾರಿಯನ್ನು ಒಪ್ಪಿದರೆ, ತೊಂದರೆ ಕೊಡುವ ಲೈನ್‌ಗೆ ಅದು ಮೇಲು. ದಾರಿಯಲ್ಲಿ ಕಳೆದುಹೋದ ತುಣುಕುಗಳನ್ನು ಅದು ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ನಿಮ್ಮ ಚಾನೆಲ್‌ಗೆ ಕಳಿಸಲು ಒಬಿಎಸ್‌ನಲ್ಲಿ ಹಾಕುವ ಸ್ಟ್ರೀಮ್ ಕೀ ಅಂದರೆ ಪಾಸ್‌ವರ್ಡ್ ಇದ್ದಂತೆ. ಅದು ಕಾಣುವ ಸ್ಕ್ರೀನ್‌ಶಾಟ್ ಯಾರಿಗೂ ಕಳಿಸಬೇಡಿ.

8. ತಾಲೀಮು

ಐದು ನಿಮಿಷದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಪ್ರೈವೇಟ್ ಸ್ಟ್ರೀಮ್ ಮಾಡಿ, ಪೂರ್ತಿ ಅವಧಿ ಓಡಿಸಿ. ಕ್ಯಾಮೆರಾ ಬಿಸಿಯಾಗುವುದು, ಡಿಸ್ಕ್ ತುಂಬುವುದು, ಧ್ವನಿ ನಿಧಾನಕ್ಕೆ ಚಿತ್ರದಿಂದ ಜಾರುವುದು ಇವೆಲ್ಲ ಒಂದು ಗಂಟೆ ದಾಟಿದ ಮೇಲೇ ಗೊತ್ತಾಗುವುದು.

ನಡುವೆ ಬೇಕೆಂದೇ ನೆಟ್ ಕೇಬಲ್ ಕಿತ್ತು ನೋಡಿ. ಹಾಟ್‌ಸ್ಪಾಟ್‌ಗೆ ಬದಲಿಸಿ ಮತ್ತೆ ಲೈವ್ ಆಗಲು ಎಷ್ಟು ಹೊತ್ತು ಹಿಡಿಯಿತು? ಅದನ್ನು ಮಾಡುವವರು ಯಾರು? ಕಾರ್ಯಕ್ರಮದ ದಿನ ಈ ಪ್ರಶ್ನೆಗೆ ಉತ್ತರ ಹುಡುಕುವಂತಾಗಬಾರದು.

9. ಆ ದಿನ

ಕನಿಷ್ಠ ಮೂರು ಜನ ಬೇಕು. ಒಬ್ಬರು ಚಿತ್ರಕ್ಕೆ, ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಧ್ವನಿಗೆ. ಇನ್ನೊಬ್ಬರು ಸಭಾಂಗಣದ ಹೊರಗೆ, ಬೇರೆ ನೆಟ್‌ನಲ್ಲಿ, ಸಾಮಾನ್ಯ ಪ್ರೇಕ್ಷಕರಂತೆ ನೋಡುತ್ತಾ ಚಾಟ್ ನಿಭಾಯಿಸಲಿ. ಕಂಪ್ಯೂಟರ್‌ನ ಅಪ್‌ಡೇಟ್, ಸ್ಲೀಪ್, ನೋಟಿಫಿಕೇಷನ್ ಎಲ್ಲ ಆಫ್. ಹೇಳಿದ ಸಮಯಕ್ಕೆ 15 ನಿಮಿಷ ಮೊದಲೇ 'ಶುರುವಾಗಲಿದೆ' ದೃಶ್ಯ ಹಾಕಿ.

ಯೂಟ್ಯೂಬ್‌ನಲ್ಲಿ 'ಆಟೋ ಸ್ಟಾಪ್' ಎಂಬ ಆಯ್ಕೆ ಇದೆ. ಅದನ್ನು ಆಫ್ ಮಾಡಿ. ಆನ್ ಇದ್ದರೆ ನಿಮ್ಮ ನೆಟ್ ಸ್ವಲ್ಪ ಹೊತ್ತು ಹೋದಾಗ ಕಾರ್ಯಕ್ರಮವೇ ಮುಗಿಯಿತು ಎಂದುಕೊಂಡು ಅದು ಲೈವ್ ಮುಚ್ಚಿಬಿಡುತ್ತದೆ. ಆಮೇಲೆ ಹೊಸ ಲಿಂಕ್ ಹಂಚುತ್ತಾ ಕೂರಬೇಕು. ಆಫ್ ಇದ್ದರೆ ಒಬಿಎಸ್‌ನಿಂದ ಮತ್ತೆ ಕಳಿಸಲು ಶುರುಮಾಡಿದರೆ ಸಾಕು, ಅದೇ ಲಿಂಕ್‌ನಲ್ಲಿ ಮುಂದುವರಿಯುತ್ತದೆ.

ವೇದಿಕೆಯಲ್ಲಿ ನಡೆದದ್ದು ನೋಡುಗರಿಗೆ ತಲುಪಲು ಸಾಮಾನ್ಯವಾಗಿ 10ರಿಂದ 30 ಸೆಕೆಂಡ್ ಹಿಡಿಯುತ್ತದೆ. ವಿಡಿಯೋವನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ ಕಳಿಸುವುದರಿಂದ ಹೀಗೆ. ನಾಟಕಕ್ಕೆ ಇದರಿಂದ ನಷ್ಟವಿಲ್ಲ, 'ನಾರ್ಮಲ್ ಲೇಟೆನ್ಸಿ'ಯೇ ಇರಲಿ. ತಡ ಜಾಸ್ತಿ ಇದ್ದಷ್ಟೂ ನೋಡುವವರಿಗೆ ಕಡಿತ ಕಡಿಮೆ. ಪ್ರಶ್ನೋತ್ತರ ಇದ್ದರೆ ಮಾತ್ರ ಕಡಿಮೆ ಮಾಡಿ. ಮತ್ತೆ, ಚಾಟ್‌ನಲ್ಲಿ "ಧ್ವನಿ ಇಲ್ಲ" ಅಂತ ಒಬ್ಬರು ಬರೆದ ಕೂಡಲೇ ಗುಂಡಿ ತಿರುಗಿಸಬೇಡಿ. ಹೊರಗೆ ಕೂತ ನಿಮ್ಮವರನ್ನು ಕೇಳಿ. ಅವರಿಗೂ ಕೇಳುತ್ತಿಲ್ಲ ಅಂದರೆ ಮಾತ್ರ ಕೈಹಾಕಿ.

10. ಮುಗಿದ ಮೇಲೆ

12 ಗಂಟೆಗಿಂತ ಚಿಕ್ಕ ಲೈವ್ ಯೂಟ್ಯೂಬ್‌ನಲ್ಲಿ ತಾನಾಗಿಯೇ ಉಳಿಯುತ್ತದೆ. ಲೈವ್ ಚೆನ್ನಾಗಿ ಬಂದಿದ್ದರೆ ಮೊದಲಿನ ಕಾಯುವ ನಿಮಿಷಗಳನ್ನು, ವಿರಾಮವನ್ನು ಅಲ್ಲೇ ಕತ್ತರಿಸಿ ಬಿಡಿ. ಲಿಂಕ್ ಬದಲಾಗುವುದಿಲ್ಲ. ನಡುವೆ ಕಡಿದಿದ್ದರೆ ಅಥವಾ ಧ್ವನಿ ಕೆಟ್ಟಿದ್ದರೆ ನಿಮ್ಮ ರೆಕಾರ್ಡಿಂಗ್ ತೆಗೆದು, ತಿದ್ದಿ, ಹೊಸದಾಗಿ ಹಾಕಿ. ಹಳೆಯದನ್ನು ಪ್ರೈವೇಟ್ ಮಾಡಿ, ಇಲ್ಲವಾದರೆ ಜನ ಕೆಟ್ಟದ್ದನ್ನೇ ಹುಡುಕಿ ನೋಡುತ್ತಾರೆ. ಧ್ವನಿಯ ಒಟ್ಟು ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಆಸುಪಾಸಿನಲ್ಲಿದ್ದರೆ ಯೂಟ್ಯೂಬ್‌ನ ಉಳಿದ ವಿಡಿಯೋಗಳ ಜೊತೆ ಹೊಂದುತ್ತದೆ.

ಎರಡು ಗಂಟೆಯ ವಿಡಿಯೋಗೆ ಅಧ್ಯಾಯಗಳು ಬೇಕು. ವಿವರಣೆಯಲ್ಲಿ 0:00ಯಿಂದ ಶುರುಮಾಡಿ ಸಮಯ ಮತ್ತು ದೃಶ್ಯದ ಹೆಸರು ಬರೆಯಿರಿ. ಕನಿಷ್ಠ ಮೂರು ಇರಬೇಕು, ಪ್ರತಿಯೊಂದೂ 10 ಸೆಕೆಂಡಿಗೆ ಕಡಿಮೆ ಇರಬಾರದು. ಸಬ್‌ಟೈಟಲ್ ಮಾಡಲು ನಾಟಕದವರಿಗೆ ಒಂದು ಲಾಭ ಇದೆ, ಮಾತೆಲ್ಲ ಮೊದಲೇ ಬರಹದಲ್ಲಿರುತ್ತದೆ! ಅದನ್ನೇ ಸಮಯಕ್ಕೆ ಹೊಂದಿಸಿದರಾಯಿತು. ಕಿವಿ ಕೇಳದವರಿಗಷ್ಟೇ ಅಲ್ಲ, ಬಸ್ಸಿನಲ್ಲಿ ಧ್ವನಿ ಆಫ್ ಮಾಡಿ ನೋಡುವವರಿಗೂ ಅದು ಬೇಕು.

ನಿಮ್ಮದೇ ಜಾಲತಾಣದಲ್ಲಿ ಹಾಕುವುದಾದರೆ ಒಂದು ದೊಡ್ಡ ಎಂಪಿ4 ಫೈಲ್ ಇಟ್ಟು ಕೈತೊಳೆದುಕೊಳ್ಳಬೇಡಿ. ನಿಧಾನದ ನೆಟ್ ಇರುವವರಿಗೆ ಅದು ಓಡುವುದಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಿಂದ ಅದನ್ನು ಎಚ್‌ಎಲ್‌ಎಸ್ (ವಿಡಿಯೋವನ್ನು ಸಣ್ಣ ತುಣುಕುಗಳಾಗಿ ಕಳಿಸುವ ಬಗೆ) ರೂಪಕ್ಕೆ ತನ್ನಿ. 1080, 720, 480, 360 ಹೀಗೆ ನಾಲ್ಕು ಗಾತ್ರ ಮಾಡಿ, ಆರಾರು ಸೆಕೆಂಡಿನ ತುಣುಕು ಇಡಿ. ನೋಡುವವರ ನೆಟ್‌ಗೆ ತಕ್ಕ ಗಾತ್ರವನ್ನು ಪ್ಲೇಯರ್ ತಾನೇ ಆರಿಸಿಕೊಳ್ಳುತ್ತದೆ. ಮುಂದೆ ಒಂದು ಸಿಡಿಎನ್ ಸೇವೆಯೂ (ಪ್ರತಿಗಳನ್ನು ಹಲವು ಊರುಗಳ ಸರ್ವರ್‌ಗಳಿಂದ ಹಂಚುವಂಥದ್ದು) ಇರಲಿ.

ಮೂಲ ಫೈಲ್‌ಗಳನ್ನು ಎರಡು ಬೇರೆ ಡಿಸ್ಕ್‌ಗಳಲ್ಲಿಡಿ. 50 ಎಂಬಿಪಿಎಸ್‌ನ ಕ್ಯಾಮೆರಾ ಫೈಲ್ ಗಂಟೆಗೆ 22.5 ಜಿಬಿ ಆಗುತ್ತದೆ, ಜಾಗ ಮೊದಲೇ ನೋಡಿಕೊಳ್ಳಿ. ಹಕ್ಕಿನ ಒಪ್ಪಂದದಲ್ಲಿ ಗಡುವು ಇದ್ದರೆ ವಿಡಿಯೋ ತೆಗೆಯುವ ತಾರೀಖನ್ನು ಇವತ್ತೇ ಕ್ಯಾಲೆಂಡರ್‌ಗೆ ಹಾಕಿ, ಯಾರು ತೆಗೆಯಬೇಕು ಅಂತ ಹೆಸರನ್ನೂ ಬರೆಯಿರಿ.